ಮೂರು ಸೀಟಿನ ಟಾಪ್ ಮಾಡೆಲ್ ಜೆಟ್ ಸ್ಕೀ, ಆದ್ರೆ ಆ ಮೂರನೇ ಸೀಟು ಇದ್ಯಲ್ಲ...

ಅಮೆರಿಕಾದ ಟೆಕ್ಸಸ್ಸಿನ ಆಸ್ಟಿನ್ನಲ್ಲಿದ್ದು ಲೇಕ್ ಟ್ರಾವಿಸ್ ಅನ್ನೋ ಕೆರೆ ಹತ್ರ ಮನೆ ಮಾಡಿದೋರಿಗೆ ಒಂದಿನ ಜೆಟ್ ಸ್ಕೀ, ಅಂದ್ರೆ ನೀರ್ಮೇಲೆ ಓಡೋ ಸ್ಕೂಟರ್, ತಗೊಳ್ಳೋ ಹುಚ್ಚು ಹಿಡಿದೇ ಹಿಡಿಯುತ್ತೆ. ನಮ್ದು 300 ಹಾರ್ಸ್‌ಪವರ್, ಸೂಪರ್‌ಚಾರ್ಜರ್, ಬ್ರೇಕು, ಸ್ಪೀಕರು ಎಲ್ಲಾ ಇರೋದು. ಕಂಪನಿ ಹೆಸರು ಬೇಡ ಬಿಡಿ, ಸ್ಪೆಕ್ಸ್ ನೀವೇ ನೋಡಿರ್ತೀರ.

ನನ್ನ ತಕರಾರು ಮೂರನೇ ಸೀಟಿಂದು. ನಾನು, ನನ್ ಹೆಂಡ್ತಿ, ಭಾಮೈದ ಕೂತ್ರೆ ತೂಕದ ಲೆಕ್ಕ ಹೆಂಗೋ ಪಾಸಾಗುತ್ತೆ, ಸ್ಪೀಡಲ್ಲಿ ಹೋಗೋವಾಗ ಏನೂ ತೊಂದ್ರೆ ಇಲ್ಲ, ಆದ್ರೆ ನಿಲ್ಲಿಸಿದ ತಕ್ಷಣ ಗಾಡಿ ಆ ಕಡೆ ಈ ಕಡೆ ವಾಲೋಕೆ ಶುರು. ನೀರಿಗೆ ಬಿದ್ದೋರು ಹಿಂದಿನ ಏಣಿಯಿಂದ ಸರಿಯಾಗಿ ನಡುಮಧ್ಯಕ್ಕೇ ಹತ್ಬೇಕು. ಪಕ್ಕದಿಂದ ಹಿಡ್ಕೊಂಡು ಎಳೆದ್ರೆ ಮೇಲಿರೋ ಇಬ್ರಿಗೂ ಸ್ನಾನ, ಭಾಮೈದ ಇದನ್ನ ಪ್ರೂವ್ ಮಾಡಿ ತೋರ್ಸಿದಾನೆ.

ಮತ್ತೆ ಮೂರು ಸೀಟು ಯಾಕಪ್ಪಾ ಅಂದ್ರೆ ಟ್ಯೂಬ್ ಎಳೆಯೋಕೆ, ಗಾಳಿ ತುಂಬಿದ ಟ್ಯೂಬಲ್ಲಿ ಒಬ್ರನ್ನ ಕೂರ್ಸಿ ಹಗ್ಗ ಕಟ್ಟಿ ನೀರ್ಮೇಲೆ ಎಳೆಯೋ ಆಟ. ಟೆಕ್ಸಸ್ಸಲ್ಲಿ ಯಾರನ್ನಾದ್ರೂ ಹಿಂದೆ ಕಟ್ಟಿ ಎಳೆಯೋದಾದ್ರೆ ಅವರ ಮೇಲೆ ಕಣ್ಣಿಡೋಕೆ ಇನ್ನೊಬ್ರು ಬೇಕು ಇಲ್ಲಾ ಕನ್ನಡಿ ಇರ್ಬೇಕು. ಓಡ್ಸೋರು, ನೋಡೋರು, ಸುಸ್ತಾಗಿ ವಾಪಸ್ ಬಂದು ಕೂರೋರು, ಅಲ್ಲಿಗೆ ಮೂರಾಯ್ತು.

ಇನ್ನು ಗ್ಯಾಸ್, ಅಂದ್ರೆ ಪೆಟ್ರೋಲು. ಪ್ರೀಮಿಯಮ್ಮೇ ಆಗ್ಬೇಕು, ಫುಲ್ ಥ್ರಾಟಲ್ ಕೊಟ್ರೆ ಗಂಟೆಗೆ 20 ಗ್ಯಾಲನ್ ಮೇಲೆ ಕುಡಿಯುತ್ತೆ. ಮಧ್ಯಮ ವರ್ಗದ ಕೈ ಥ್ರಾಟಲ್ ಮೇಲಿಂದ ತಾನಾಗೇ ಸಡಿಲ ಆಗುತ್ತೆ.

ಈ ಬೇಸರದಲ್ಲೇ ಇದ್ದಾಗ ಮೈಸೂರಿಂದ ಅಮ್ಮ ಬಂದ್ರು. ನಾ ಹತ್ತಲ್ಲಪ್ಪಾ ಅಂದ್ರು, ಆಮೇಲೆ ಚೂಡಿದಾರದ ಮೇಲೆ ಲೈಫ್ ಜಾಕೆಟ್ ಬಿಗಿಸ್ಕೊಂಡು ಡಾಕಿಂದ ನೇರ ನಡುವಿನ ಸೀಟಿಗೆ. ದಡದ ಪಕ್ಕದಲ್ಲೇ ಐಡಲ್‌ನಲ್ಲಿ ಕರ್ಕೊಂಡು ಹೋದೆ. "ಇಷ್ಟು ನಿಧಾನ ಹೋಗೋಕೆ ಅಷ್ಟು ದುಡ್ಡು ಕೊಟ್ಯೇನೋ?" ಅಂತ ಹಿಂದಿಂದ ಕೇಳಿದ್ರು. ಆದ್ರೆ ಇಳಿಯೋಕೆ ಮಾತ್ರ ಮನಸ್ಸಿರ್ಲಿಲ್ಲ! ಆಗಿಂದ ಭಾನುವಾರ ಬೆಳಿಗ್ಗೆ ನಮ್ದು ಅದೇ ಸ್ಪೀಡು, ಮುಂದಿನ ಸ್ಟೋರೇಜಲ್ಲಿ ಚಿತ್ರಾನ್ನದ ಡಬ್ಬಿ, ಯಾವುದಾದ್ರೂ ಕೋವ್‌ನಲ್ಲಿ (ದಡದ ಒಳಗೆ ಸರಿದ ಸಣ್ಣ ಮೂಲೆ) ಇಂಜಿನ್ ಆಫ್ ಮಾಡಿ ಕಾಲು ನೀರಿಗೆ ಬಿಟ್ಕೊಂಡು ತಿನ್ನೋದು.

ವಾಪಸ್ ಬಂದ್ಮೇಲೆ ಗಾಡಿ ನೀರಿಗಿಳಿಸೋ, ಮೇಲೆತ್ತೋ ರ‍್ಯಾಂಪಲ್ಲೇ ಡ್ರೇನ್ ಪ್ಲಗ್ ಬಿಚ್ಚಿ ನೀರೆಲ್ಲಾ ಬಸಿಬೇಕು, 2017ರಿಂದ ಈ ಕೆರೇಲಿ ಝೀಬ್ರಾ ಮಸೆಲ್ ಅನ್ನೋ ಚಿಪ್ಪಿನ ಕಾಟ, ಬೇರೆ ಕೆರೆಗೆ ಹಬ್ಬಬಾರ್ದು ಅಂತ ಕಾನೂನೇ ಇದೆ. ಮನೇಲಿ ನಲ್ಲಿ ನೀರು ಬಿಟ್ಟು ಒಳಗೆ ತೊಳೆಯೋವಾಗ, ಅಂದ್ರೆ ಫ್ಲಶ್ ಮಾಡೋವಾಗ, ಮೊದ್ಲು ಇಂಜಿನ್ ಸ್ಟಾರ್ಟು, ಆಮೇಲೆ ನಲ್ಲಿ. ಮುಗಿಸೋವಾಗ ಮೊದ್ಲು ನಲ್ಲಿ ಬಂದ್, ಆಮೇಲೆ ಇಂಜಿನ್. ಉಲ್ಟಾ ಮಾಡಿದ್ರೆ ಇಂಜಿನ್ನಿಗೇ ನೀರು ನುಗ್ಗಬಹುದು, ರಿಪೇರಿ ಬಿಲ್ಲು ಕೇಳ್ಬೇಡಿ. ನನ್ ಹೆಂಡ್ತಿ ನಲ್ಲಿ ಹತ್ರ, ನಾನು ಬಟನ್ ಹತ್ರ, "ಬಿಡ್ಲಾ?", "ತಡಿ ತಡಿ, ಹಾಂ, ಬಿಡು".

ಇಬ್ರು ದೊಡ್ಡೋರು, ಒಂದು ಮಗು ಇದ್ರೆ ಧೈರ್ಯವಾಗಿ ತಗೊಳ್ಳಿ. ಮೂರು ಜನ ಗಂಡಸ್ರಾದ್ರೆ ಪಾಂಟೂನ್ ಅನ್ನೋ ಅಗಲವಾದ, ಚಪ್ಪಟೆ ತಳದ ಬೋಟ್ ಬಾಡಿಗೆಗೆ ತಗೊಳ್ಳೋದೇ ವಾಸಿ. ಚೆಕ್ ಬರೆಯೋ ಮುಂಚೆ ಕೆರೆ ಮಟ್ಟನೂ ನೋಡಿ, ಟ್ರಾವಿಸ್ ತುಂಬಿದ್ರೆ ಸಮುದ್ರ ಮಟ್ಟದಿಂದ 681 ಅಡಿ, ಬರ ಬಂದು ಇಳಿದ್ರೆ ರ‍್ಯಾಂಪ್ ಒಂದೊಂದಾಗಿ ಮುಚ್ತಾರೆ, ಆಗ ಗಾಡಿ ಗ್ಯಾರೇಜಲ್ಲೇ, ಕಂತು ಮಾತ್ರ ತಿಂಗಳು ತಿಂಗಳು.