ಎರಡೂ ಫ್ಲಿಪ್ಪರ್ ಒತ್ತಿದರೆ ಆಟ ರೀಸೆಟ್: ಡಬ್ಲ್ಯೂಪಿಸಿ ಪಿನ್‌ಬಾಲ್‌ಗೆ ಐದು ಮದ್ದುಗಳ ಹೋಲಿಕೆ

ಚೆಂಡನ್ನು ಹೊಡೆಯುವ ಎರಡೂ ಫ್ಲಿಪ್ಪರ್ ಒಟ್ಟಿಗೆ ಎದ್ದ ಕ್ಷಣಕ್ಕೇ ಡಿಸ್‌ಪ್ಲೇ ಕಪ್ಪಾಗುತ್ತದೆ, ಯಂತ್ರ ಮೊದಲಿನಿಂದ ಶುರುವಾಗುತ್ತದೆ, ಸ್ಕೋರು ಹೋಗುತ್ತದೆ. 1990ರ ದಶಕದಲ್ಲಿ ವಿಲಿಯಮ್ಸ್ ಮತ್ತು ಬ್ಯಾಲಿ ಹೆಸರಿನಲ್ಲಿ ಬಂದ ಡಬ್ಲ್ಯೂಪಿಸಿ (ವಿಲಿಯಮ್ಸ್ ಪಿನ್‌ಬಾಲ್ ಕಂಟ್ರೋಲರ್) ಯಂತ್ರಗಳನ್ನು ಮನೆಯಲ್ಲಿ ಇಟ್ಟುಕೊಂಡವರಿಗೆಲ್ಲ ಗೊತ್ತಿರುವ ಕಾಯಿಲೆ ಇದು. ಮದ್ದು ಐದು ಬಗೆ: ಕನೆಕ್ಟರ್ ಬದಲಿಸುವುದು, ಬ್ರಿಡ್ಜ್ (ಎಸಿಯನ್ನು ಡಿಸಿ ಮಾಡುವ ಡಯೋಡ್‌ಗಳ ಗುಂಪು) ಮತ್ತು ಅದರ ಏರಿಳಿತ ತಗ್ಗಿಸುವ ಕೆಪಾಸಿಟರ್ ಬದಲಿಸುವುದು, ಸ್ವಿಚಿಂಗ್ ರೆಗ್ಯುಲೇಟರ್ (ವೋಲ್ಟೇಜನ್ನು ಸ್ಥಿರವಾಗಿಡುವ ಭಾಗ) ಹಾಕುವುದು, ವಿದ್ಯುತ್ ಹಂಚುವ ಡ್ರೈವರ್ ಬೋರ್ಡನ್ನೇ ಹೊಸದಾಗಿ ತರುವುದು, ಟ್ರಾನ್ಸ್‌ಫಾರ್ಮರ್‌ನ ಜಂಪರ್ (ತಂತಿ ಜೋಡಣೆ) ಬದಲಿಸುವುದು. ಐದೂ ಕೆಲಸ ಮಾಡುತ್ತವೆ, ಆದರೆ ಒಂದೇ ಕಾಯಿಲೆಗಲ್ಲ. ಎಲ್ಲಿ ವೋಲ್ಟೇಜ್ ಬೀಳುತ್ತಿದೆ ಎಂದು ಅಳೆಯದೆ ಭಾಗ ತರಿಸಿದರೆ ಹಣವೂ ಹೋಗುತ್ತದೆ, ಬೋರ್ಡೂ ಹಾಳಾಗುತ್ತದೆ.

ಮೊದಲು ಒಳಗೆ ನಡೆಯುವುದೇನು ಎಂಬುದು. ಟ್ರಾನ್ಸ್‌ಫಾರ್ಮರ್‌ನ 9 ವೋಲ್ಟ್ ಎಸಿ ಸುರುಳಿಯಿಂದ ಬಂದದ್ದು ಜೆ101 ಕನೆಕ್ಟರ್ ದಾಟಿ ಬಿಆರ್2 ಎಂಬ ಬ್ರಿಡ್ಜ್‌ಗೆ, ಅಲ್ಲಿಂದ ಸಿ5 ಎಂಬ 15,000 ಮೈಕ್ರೋಫ್ಯಾರಡ್ ಕೆಪಾಸಿಟರ್‌ಗೆ, ಕೊನೆಗೆ ಎಲ್‌ಎಂ323ಕೆ ರೆಗ್ಯುಲೇಟರ್‌ಗೆ ಹೋಗಿ 5 ವೋಲ್ಟ್ ಆಗುತ್ತದೆ. ಫ್ಲಿಪ್ಪರನ್ನು ಎಳೆಯುವ ಕಾಯಿಲ್‌ಗಳಿಗೂ (ವಿದ್ಯುತ್ಕಾಂತ) ಅದೇ ಟ್ರಾನ್ಸ್‌ಫಾರ್ಮರ್. ಎರಡು ಕಾಯಿಲ್ ಒಮ್ಮೆಗೇ ಎಳೆದಾಗ ಎಲ್ಲ ಸುರುಳಿಗಳ ವೋಲ್ಟೇಜೂ ಒಂದಿಷ್ಟು ಕುಸಿಯುತ್ತದೆ. ಸಿಪಿಯು ಬೋರ್ಡಿನ ಎಂಸಿ34064 ಚಿಪ್ ಕಾವಲುಗಾರ. 5 ವೋಲ್ಟ್ ಲೈನು ಸುಮಾರು 4.6ಕ್ಕಿಂತ ಕೆಳಗಿಳಿದರೆ ಪ್ರೊಸೆಸರನ್ನು ತಡೆದು ರೀಸೆಟ್ ಮಾಡುತ್ತದೆ. ಕಾವಲುಗಾರ ತನ್ನ ಕೆಲಸ ಮಾಡಿದ್ದಾನೆ ಅಷ್ಟೆ, ಅವನನ್ನು ಬದಲಿಸಿ ಪ್ರಯೋಜನವಿಲ್ಲ.

ಈಗ ಒಂದು ಲೆಕ್ಕ. 9 ವೋಲ್ಟ್ ಎಸಿಯ ಶಿಖರ 12.7. ಬ್ರಿಡ್ಜ್‌ನ ಎರಡು ಡಯೋಡ್ ಸೇರಿ ಹೆಚ್ಚುಕಮ್ಮಿ 2 ವೋಲ್ಟ್ ತಿಂದರೆ ಉಳಿಯುವುದು 11ರ ಆಸುಪಾಸು. 50 ಹರ್ಟ್ಸ್ ಕರೆಂಟಿನಲ್ಲಿ ಕೆಪಾಸಿಟರ್ ಸೆಕೆಂಡಿಗೆ 100 ಸಲ ತುಂಬಿಕೊಳ್ಳುತ್ತದೆ. ಹೊರೆ 3 ಆಂಪಿಯರ್ ಎಂದಿಟ್ಟುಕೊಂಡರೆ, 15,000 ಮೈಕ್ರೋಫ್ಯಾರಡ್‌ನಲ್ಲಿ ಎರಡು ತುಂಬುವಿಕೆಗಳ ನಡುವೆ ಬೀಳುವುದು ಗರಿಷ್ಠ 2 ವೋಲ್ಟ್, ತಳ 9. ರೆಗ್ಯುಲೇಟರ್‌ಗೆ ಕನಿಷ್ಠ 7ರಿಂದ 7.5 ಬೇಕು. ಸಾಕಷ್ಟು ಅಂತರ ಉಂಟು. ಅದೇ ಕೆಪಾಸಿಟರ್ ಒಣಗಿ ಅರ್ಧಕ್ಕೆ ಇಳಿದಿದ್ದರೆ ಬೀಳುವುದು 4 ವೋಲ್ಟ್, ತಳ 7. ಇನ್ನು ಫ್ಲಿಪ್ಪರ್ ಮುಟ್ಟಿದರೆ ಸಾಕು. ಅಮೆರಿಕದ 60 ಹರ್ಟ್ಸ್‌ನಲ್ಲಿ ಇದೇ ಬೀಳುವಿಕೆ ಆರರಲ್ಲಿ ಒಂದು ಪಾಲು ಕಡಿಮೆ. ಅಲ್ಲಿ ಹೇಗೋ ಓಡುತ್ತಿದ್ದ ಬೋರ್ಡು ಬೆಂಗಳೂರಿಗೆ ಬಂದ ಮೇಲೆ ರೀಸೆಟ್ ಆಗತೊಡಗಿದರೆ ಅಚ್ಚರಿಪಡಬೇಕಿಲ್ಲ.

ಅಳೆಯುವ ಕ್ರಮ ಹೀಗೆ. ಯಂತ್ರವನ್ನು 20 ನಿಮಿಷ ಬಿಸಿಯಾಗಲು ಬಿಡಿ. ಮಲ್ಟಿಮೀಟರಿನ ಕಪ್ಪು ಮೊನೆ ಡ್ರೈವರ್ ಬೋರ್ಡಿನ ಗ್ರೌಂಡ್ ಪಾಯಿಂಟ್ ಟಿಪಿ5ಕ್ಕೆ, ಕೆಂಪು 5 ವೋಲ್ಟ್ ಪಾಯಿಂಟ್ ಟಿಪಿ2ಕ್ಕೆ. 4.9ರಿಂದ 5.1 ಬಂದರೆ ಸರಿ. ಆಮೇಲೆ ಸಿಪಿಯು ಬೋರ್ಡಿನ ಯಾವುದಾದರೂ ಚಿಪ್ಪಿನ 5 ವೋಲ್ಟ್ ಮತ್ತು ಗ್ರೌಂಡ್ ಕಾಲುಗಳ ನಡುವೆ ಅಳೆಯಿರಿ. ಎರಡಕ್ಕೂ 0.1 ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ತಪ್ಪು ಡ್ರೈವರ್ ಬೋರ್ಡಿನ ಜೆ114 ಮತ್ತು ಸಿಪಿಯು ಬೋರ್ಡಿನ ಜೆ210 ಕನೆಕ್ಟರ್‌ಗಳ ನಡುವಿನ ದಾರಿಯಲ್ಲಿದೆ. ಅಂಥ ಕಡೆ ಕೆಪಾಸಿಟರ್ ಬದಲಿಸುವುದು ದಂಡ. ಮೂರನೆಯದು, ಮೀಟರನ್ನು ಎಸಿಗೆ ತಿರುಗಿಸಿ ಸಿ5ರ ಎರಡು ತುದಿಗೆ ಹಿಡಿಯಿರಿ. ಈ ಓದು ಒಂದು ವೋಲ್ಟ್ ಮುಟ್ಟುತ್ತಿದ್ದರೆ ಬಿಆರ್2 ಅಥವಾ ಸಿ5ರ ಮೇಲೆ ಅನುಮಾನ. ಫ್ಲಿಪ್ಪರ್ ಒತ್ತಿದಾಗಿನ ಕುಸಿತ ಕೆಲವೇ ಮಿಲಿಸೆಕೆಂಡ್‌ನದು. ಸಾಮಾನ್ಯ ಮೀಟರ್ ಅದನ್ನು ನೋಡುವುದೇ ಇಲ್ಲ. ಕ್ಷಿಪ್ರ ಮಿನ್-ಮ್ಯಾಕ್ಸ್ ಇರುವ ಮೀಟರ್ ಅಥವಾ ಚಿಕ್ಕ ಆಸಿಲೋಸ್ಕೋಪ್ ಬೇಕು.

ಕನೆಕ್ಟರ್. ನಮ್ಮ ಲೆಕ್ಕದಲ್ಲಿ ಮೊದಲ ಸ್ಥಾನ ಇದಕ್ಕೇ. ಜೆ101ನ್ನು ಕಿತ್ತು ನೋಡಿದರೆ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರುವುದು, ಪಿನ್ನಿನ ತವರ ಮಂಕಾಗಿರುವುದು ಕಣ್ಣಿಗೇ ಕಾಣುತ್ತದೆ. ಕಿತ್ತು ಮತ್ತೆ ಸಿಕ್ಕಿಸಿದರೆ ರೀಸೆಟ್ ಒಂದು ವಾರ ನಿಲ್ಲುತ್ತದೆ, ಮತ್ತೆ ಬರುತ್ತದೆ. ಇದು ಚಿಕಿತ್ಸೆ ಅಲ್ಲ, ರೋಗಪತ್ತೆ. ಸ್ಪ್ರೇ ಕ್ಲೀನರ್ ಕಥೆಯೂ ಅಷ್ಟೆ. ಸುಟ್ಟ ಪಿನ್ನಿನ ಮೇಲೆ ಹೊಸ ಹೌಸಿಂಗ್ ಹಾಕಿದರೆ ಹೊಸದೂ ಸುಡುತ್ತದೆ, ಆದ್ದರಿಂದ ಬೋರ್ಡಿನ ಹೆಡರ್ (ಪಿನ್ನುಗಳ ಸಾಲು) ಮತ್ತು ತಂತಿ ಕಡೆಯ ಹೌಸಿಂಗ್ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಪಿನ್ ಅಂತರ 3.96 ಮಿಲಿಮೀಟರ್. ಟರ್ಮಿನಲ್ ಕೊಳ್ಳುವಾಗ ಮೂರು ಕಡೆಯಿಂದ ಹಿಡಿಯುವ ಮೋಲೆಕ್ಸ್ ಟ್ರೈಫರ್ಕಾನ್ ಮಾದರಿಯನ್ನೇ ಕೇಳಿ, ಕ್ರಿಂಪರ್‌ನಿಂದ ಒತ್ತಿ. ತಂತಿಯ ಹೊದಿಕೆಯನ್ನು ಸೀಳಿ ಹಿಡಿಯುವ ಹಳೆಯ ಕಾರ್ಖಾನೆ ಬಗೆಯನ್ನು ಮತ್ತೆ ಬಳಸಬೇಡಿ. ಕ್ರಿಂಪ್ ಮಾಡಿದ ಮೇಲೆ ಸೋಲ್ಡರ್ ಸುರಿಯುವವರಿದ್ದಾರೆ. ಸೋಲ್ಡರ್ ತಂತಿಯೊಳಗೆ ಹರಿದು ಅದನ್ನು ಬಿರುಸಾಗಿಸುತ್ತದೆ, ಬಾಗಿದಲ್ಲಿ ಮುರಿಯುತ್ತದೆ. ಅಲ್ಲೇ ಪಕ್ಕದ ಫ್ಯೂಸ್ ಎಫ್113ರ ಕ್ಲಿಪ್ ಸಡಿಲವಾಗಿದೆಯೇ ನೋಡಿ. ಅದು 5 ಆಂಪಿಯರ್ ಸ್ಲೋ-ಬ್ಲೋ, ಅದಕ್ಕಿಂತ ದೊಡ್ಡದನ್ನು ಹಾಕುವಂತಿಲ್ಲ.

ಬಿಆರ್2 ಮತ್ತು ಸಿ5. ಪರಿಣಾಮದಲ್ಲಿ ಕನೆಕ್ಟರ್‌ಗೆ ಸಮ, ಅಪಾಯದಲ್ಲಿ ಬಹಳ ಮೇಲೆ. ಭಾಗಗಳು ಅಗ್ಗ: 35 ಆಂಪಿಯರ್, 200 ವೋಲ್ಟ್, ತಂತಿಕಾಲಿನ ಬ್ರಿಡ್ಜ್ (ಜಿಬಿಪಿಸಿ3502ಡಬ್ಲ್ಯೂ ಬಗೆ), ಮತ್ತು 15,000 ಮೈಕ್ರೋಫ್ಯಾರಡ್, 25 ವೋಲ್ಟ್, 105 ಡಿಗ್ರಿಯ ಸ್ನ್ಯಾಪ್-ಇನ್ ಕೆಪಾಸಿಟರ್. ಕಷ್ಟ ಇರುವುದು ಕಳಚುವುದರಲ್ಲಿ. ದಪ್ಪ ಕಾಲುಗಳನ್ನು ಬಿಸಿ ಮಾಡಿ ಎಳೆದರೆ ರಂಧ್ರದ ಒಳಗಿನ ತಾಮ್ರದ ಲೇಪವೇ ಕಿತ್ತು ಬರುತ್ತದೆ. ಬ್ರಿಡ್ಜ್‌ನ ಕಾಲುಗಳನ್ನು ಮೊದಲು ಕತ್ತರಿಸಿ, ಆಮೇಲೆ ಒಂದೊಂದೇ ತುಂಡನ್ನು ಕರಗಿಸಿ ತೆಗೆಯಿರಿ. ಹಾಕುವಾಗ ಹೊಸ ಬ್ರಿಡ್ಜ್‌ನ ಓರೆಯಾಗಿ ಕತ್ತರಿಸಿದ ಮೂಲೆ ಪಾಸಿಟಿವ್; ಹೀಟ್‌ಸಿಂಕ್ ನಡುವೆ ಥರ್ಮಲ್ ಪೇಸ್ಟ್ ಇರಲಿ. ಲೇಪ ಕಿತ್ತಿದೆ ಎಂಬ ಚಿಕ್ಕ ಅನುಮಾನವಿದ್ದರೂ ಬೋರ್ಡಿನ ಹಿಂಬದಿಯಲ್ಲಿ ಬ್ರಿಡ್ಜ್‌ನ ಪಾಸಿಟಿವ್‌ನಿಂದ ಸಿ5ರ ಪಾಸಿಟಿವ್‌ಗೆ, ನೆಗೆಟಿವ್‌ನಿಂದ ನೆಗೆಟಿವ್‌ಗೆ ದಪ್ಪ ತಂತಿ ಬೆಸೆದುಬಿಡಿ. ಲೇಪ ಕಿತ್ತಿರದ ಬೋರ್ಡಿಗೂ ಇದು ಒಳ್ಳೆಯದೇ.

ಬ್ರಿಡ್ಜ್ ಕೆಟ್ಟಿದೆಯೇ ಎಂದು ಮೀಟರಿನ ಡಯೋಡ್ ಮೋಡ್‌ನಲ್ಲಿ ನೋಡಬಹುದು: ನೇರ ದಿಕ್ಕಿನಲ್ಲಿ 0.4ರಿಂದ 0.6, ತಿರುಗುಮುರುಗಾದರೆ ಏನೂ ಇಲ್ಲ. ಆದರೆ ಹೊರೆಯಲ್ಲಿ ಮಾತ್ರ ಕೈಕೊಡುವ ಬ್ರಿಡ್ಜ್ ಈ ಪರೀಕ್ಷೆ ಪಾಸಾಗುತ್ತದೆ. ಸ್ಕೋಪಿನಲ್ಲಿ ಅಲೆ 100ರ ಬದಲು 50 ಹರ್ಟ್ಸ್‌ಗೆ ಬಂದಿದ್ದರೆ ಒಂದು ಡಯೋಡ್ ಸತ್ತಿದೆ ಎಂದೇ ಅರ್ಥ.

ಸ್ವಿಚಿಂಗ್ ರೆಗ್ಯುಲೇಟರ್. ಎಲ್‌ಎಂ323ಕೆ ಜಾಗಕ್ಕೇ ಕೂರುವ ಮಾಡ್ಯೂಲ್‌ಗಳಿವೆ, ಸೋಲ್ಡರ್ ಇಲ್ಲದೆ ಕನೆಕ್ಟರ್ ನಡುವೆ ಸೇರುವ ಪುಟ್ಟ ಬೋರ್ಡ್‌ಗಳೂ ಇವೆ. ಬಿಸಿ ತೀರಾ ಕಡಿಮೆ. ಮೂಲ ರೆಗ್ಯುಲೇಟರ್ 9 ವೋಲ್ಟ್ ಪಡೆದು 5 ಕೊಡುವಾಗ 3 ಆಂಪಿಯರ್‌ಗೆ 12 ವ್ಯಾಟ್ ಶಾಖವಾಗಿ ಹೋಗುತ್ತದೆ. ಸ್ವಿಚಿಂಗ್‌ನಲ್ಲಿ ಅದರ ಚೂರು ಮಾತ್ರ. ಒಳಬರುವ ವೋಲ್ಟೇಜ್ ತಗ್ಗಿದರೂ ತಡೆದುಕೊಳ್ಳುತ್ತದೆ. ರೀಸೆಟ್ ತಕ್ಷಣ ನಿಲ್ಲುತ್ತದೆ, ತೊಂದರೆಯೂ ಅಲ್ಲೇ. ಜೆ101 ಸುಡುತ್ತಲೇ ಇರುತ್ತದೆ, ಗೊತ್ತಾಗುವುದಿಲ್ಲ. ಜ್ವರಕ್ಕೆ ಮಾತ್ರೆ ನುಂಗಿ ಗಾಯಕ್ಕೆ ಬಟ್ಟೆ ಸುತ್ತಿದ ಹಾಗೆ. ಕನೆಕ್ಟರ್ ಸರಿಪಡಿಸಿದ ಮೇಲೆ ಹಾಕಿಕೊಂಡರೆ ಇದಕ್ಕಿಂತ ಒಳ್ಳೆಯದಿಲ್ಲ; ಅದಕ್ಕೆ ಮೊದಲು ಬೇಡ.

ಹೊಸ ಡ್ರೈವರ್ ಬೋರ್ಡ್. ಹಿಂದಿನವರ ಬೆಸುಗೆಯಿಂದ ಟ್ರೇಸ್ ಎದ್ದು ಹೋಗಿದ್ದರೆ, ದೀಪಗಳ ಕನೆಕ್ಟರ್ ಸುತ್ತ ಬೋರ್ಡೇ ಕರಿದಾಗಿದ್ದರೆ ಇದು ನ್ಯಾಯ. ರೀಸೆಟ್ ಒಂದಕ್ಕೇ ಎಂದರೆ ದುಬಾರಿ, ಭಾರತಕ್ಕೆ ತರಿಸುವಾಗ ಸುಂಕವೂ ಸೇರುತ್ತದೆ. ಹಳೆಯ ಬೋರ್ಡನ್ನು ಎಸೆಯಬೇಡಿ.

ಟ್ರಾನ್ಸ್‌ಫಾರ್ಮರ್ ಜಂಪರ್. ಕಡಿಮೆ ವೋಲ್ಟೇಜಿನ ಊರುಗಳಿಗೆಂದು ಪ್ರೈಮರಿ ತಂತಿಗಳನ್ನು ಬೇರೆ ರೀತಿ ಜೋಡಿಸಲು ಮ್ಯಾನ್ಯುಯಲ್‌ನಲ್ಲೇ ದಾರಿಯಿದೆ. ಐದರಲ್ಲಿ ಅತಿ ಅಗ್ಗ, ಆದ್ದರಿಂದಲೇ ಅತಿ ಹೆಚ್ಚು ದುರುಪಯೋಗ. ಇದರಿಂದ 5 ವೋಲ್ಟ್ ಕಡೆಯದು ಮಾತ್ರವಲ್ಲ, ಎಲ್ಲವೂ ಏರುತ್ತದೆ. ಫ್ಲಿಪ್ಪರ್ ಹೊಡೆತ ಗಡುಸಾಗಿ ಪ್ಲಾಸ್ಟಿಕ್ ಒಡೆಯುತ್ತದೆ, 6.3 ವೋಲ್ಟ್ ಬಲ್ಬುಗಳು ಬೇಗ ಹೋಗುತ್ತವೆ. ಗೋಡೆಯ ಸಾಕೆಟ್ಟಿನಲ್ಲಿ ಸಂಜೆ ಹೊತ್ತು ನಿಜಕ್ಕೂ 200 ವೋಲ್ಟ್ ಮಾತ್ರ ಬರುತ್ತಿದ್ದರೆ ಸರಿ, ಆದರೆ ರಾತ್ರಿ 240ಕ್ಕೆ ಏರುವ ಬಡಾವಣೆಯಾದರೆ ಬೇಡವೇ ಬೇಡ.

ನಮ್ಮ ಕಡೆಗೇ ಸೇರಿದ ಇನ್ನೆರಡು ಬಲೆಗಳನ್ನು ಇಲ್ಲೇ ಹೇಳಬೇಕು. ರಿಲೇ ಬಗೆಯ ಸ್ಟೆಬಿಲೈಸರ್ ಟಕ್ ಎಂದು ಟ್ಯಾಪ್ ಬದಲಿಸುವ ಕ್ಷಣದಲ್ಲಿ ಕರೆಂಟು ಕಡಿಯುತ್ತದೆ, ಅದೇ ರೀಸೆಟ್‌ಗೆ ಕಾರಣವಾಗಬಹುದು. ಸರ್ವೋ ಬಗೆಯದಕ್ಕೆ ಈ ದೋಷವಿಲ್ಲ. ಚೌಕಾಕಾರದ ಅಲೆ ಕೊಡುವ ಹಳೆಯ ಮನೆ ಇನ್ವರ್ಟರ್ ಇನ್ನೂ ಕೆಟ್ಟದ್ದು. ಸೈನ್ ಅಲೆಯ 230 ವೋಲ್ಟ್‌ಗೆ ಶಿಖರ 325. ಚೌಕ ಅಲೆಯಲ್ಲಿ ಶಿಖರವೂ ಹೆಚ್ಚುಕಮ್ಮಿ 230ರಲ್ಲೇ. ಹಾಗಾಗಿ ಬ್ರಿಡ್ಜ್‌ಗೆ ಸಿಗುವುದು 12.7 ಅಲ್ಲ, 9. ಡಯೋಡ್ ಕಳೆದು 7. ಕರೆಂಟು ಹೋದಾಗ ಮಾತ್ರ ರೀಸೆಟ್ ಆಗುವ ಯಂತ್ರದ ಬೋರ್ಡನ್ನು ಬಿಚ್ಚುವ ಮೊದಲು ಇನ್ವರ್ಟರಿನ ಮೇಲಿನ ಚೀಟಿ ಓದಿ.

ಡಬ್ಲ್ಯೂಪಿಸಿ-95 ಯಂತ್ರವಾದರೆ ಬಿಆರ್2 ಹುಡುಕಬೇಡಿ. ಅದರಲ್ಲಿ ಬ್ರಿಡ್ಜ್ ಬದಲು ನಾಲ್ಕು ಬಿಡಿ ಡಯೋಡ್‌ಗಳಿವೆ, ಕನೆಕ್ಟರ್ ಮತ್ತು ಕೆಪಾಸಿಟರ್ ತರ್ಕ ಮಾತ್ರ ಅದೇ.

ಅಳತೆ ಬಿಟ್ಟು ಬೇರೆ ಏನೇ ಮಾಡುವ ಮೊದಲು ಪ್ಲಗ್ ಕಿತ್ತಿರಬೇಕು. 50 ವೋಲ್ಟ್ ಎಂದು ಬರೆದಿರುವ ಕಾಯಿಲ್ ಲೈನಿನಲ್ಲಿ ನಿಜವಾಗಿ 70ರ ಆಸುಪಾಸು ಡಿಸಿ ಇರುತ್ತದೆ. ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಬಿಸಿ ಮಾಡಿ, ಆಟ ಶುರು ಮಾಡಿ, ಎರಡೂ ಗುಂಡಿಗಳನ್ನು 50 ಸಲ ಬಿರುಸಾಗಿ ಒಟ್ಟಿಗೆ ಬಡಿಯಿರಿ. ನಾಣ್ಯದ ಬಾಗಿಲು ಮುಚ್ಚಿರಲಿ. ಅದು ತೆರೆದಿದ್ದರೆ ಹಲವು ಯಂತ್ರಗಳಲ್ಲಿ ಕಾಯಿಲ್ ಲೈನೇ ಕಡಿದು ಹೋಗುತ್ತದೆ, ಫ್ಲಿಪ್ಪರ್ ಏಳದ ಪರೀಕ್ಷೆಯಲ್ಲಿ ಯಾವ ಬೋರ್ಡೂ ಪಾಸು.