‘ವಿಶ್ರಾಂತಿ ಪ್ಯಾಕೇಜ್’ ತಗೊಳ್ಳುವ ಮುಂಚೆ ಗಂಟೆ ಎಣಿಸಿ

ರಜೆ ಮುಗಿಸಿ ಆಫೀಸಿಗೆ ಹೋದ ಮೊದಲ ದಿನ ಪಕ್ಕದ ಮೇಜಿನವರು ನನ್ನ ಮುಖ ನೋಡಿ, ‘‘ಹುಷಾರಿಲ್ವಾ? ಎರಡು ದಿನ ರಜೆ ಹಾಕಬಾರದಾ?’’ ಅಂದರು. ಒಂಬತ್ತು ದಿನ ರಜೆ ಹಾಕಿ, ಅದಕ್ಕೆಂದೇ ಕೂಡಿಟ್ಟ ದುಡ್ಡೆಲ್ಲ ಸುರಿದು, ‘ಮನಸ್ಸಿಗೆ ಸ್ವಲ್ಪ ನೆಮ್ಮದಿ ಬೇಕು’ ಅಂತ ಹೋಗಿ ಬಂದವಳಿಗೆ ಸಿಕ್ಕ ಸ್ವಾಗತ ಇದು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಗಲಿಕ್ಕೂ ಆಗುತ್ತಿರಲಿಲ್ಲ ಅನ್ನಿ, ಗಂಟಲು ಪೂರ್ತಿ ಕಟ್ಟಿತ್ತು.

ಟೂರ್ ಕಂಪನಿಯ ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ‘ಓ, ಅವರಾ, ನಾವು ಅವರ ಹತ್ತಿರ ಹೋಗಲ್ಲ’ ಅಂದುಕೊಂಡು ನೀವು ನಿರಾಳವಾಗಿಬಿಡುತ್ತೀರಿ. ಅಸಲು ವಿಷಯ ಏನೆಂದರೆ ಅವರು ನನಗೆ ಸುಳ್ಳು ಹೇಳಲೇ ಇಲ್ಲ. ಕಾಗದದಲ್ಲಿ ಬರೆದಿದ್ದನ್ನೆಲ್ಲ ಹೆಚ್ಚುಕಡಿಮೆ ಕೊಟ್ಟರು. ಆ ಕಾಗದವನ್ನು ಓದುವುದು ಹೇಗೆ ಅಂತ ನನಗೆ ಗೊತ್ತಿರಲಿಲ್ಲ, ಅಷ್ಟೆ. ನಾನು ಇರುವುದು ಲೆಕ್ಕಪತ್ರ ವಿಭಾಗದಲ್ಲಿ. ಬೇರೆಯವರ ಬಿಲ್ಲಿನಲ್ಲಿ ಒಂದು ಸೊನ್ನೆ ಆಚೀಚೆಯಾದರೂ ಹಿಡಿಯುವವಳು ನಾನು!

ತಪ್ಪು ಶುರುವಾದದ್ದು ಆ ಕಾಗದ ಕೈಗೆ ಬಂದ ಹೊತ್ತಿನಲ್ಲಿ. ವರ್ಷದ ಲೆಕ್ಕ ಮುಗಿಸುವ ವಾರ, ರಾತ್ರಿ ಹನ್ನೊಂದೂವರೆ, ಕಣ್ಣು ಉರಿಯುತ್ತಿದೆ. ಫೋನಿನಲ್ಲಿ ಒಂದು ಜಾಹೀರಾತು: ‘ದಣಿದ ಮನಸ್ಸಿಗೆ ವಿಶ್ರಾಂತಿ. 6 ರಾತ್ರಿ, 7 ಹಗಲು. ಬೆಟ್ಟ, ಕೆರೆ, ಜಲಪಾತ, ಕೋಟೆ, ಕಡಲು. ಯೋಚನೆ ನಮಗಿರಲಿ.’ ಆ ಕೊನೆಯ ಮಾತಿಗೆ ಬಿದ್ದೆ. ಇನ್ನೊಂದೇ ಒಂದು ವಿಷಯ ಯೋಚಿಸುವ ತ್ರಾಣ ಇರಲಿಲ್ಲ. ಮರುದಿನ ಕಂಪನಿಯವರು ಕರೆ ಮಾಡಿ, ‘‘ಮೇಡಂ, ಸೀಟು ಎರಡೇ ಉಳಿದಿವೆ, ಈಗಲೇ ಅರ್ಧ ಕಟ್ಟಿದರೆ ಹಿಡಿದಿಡ್ತೀವಿ’’ ಅಂದರು. ಕಟ್ಟಿಬಿಟ್ಟೆ. (ನಾವಿದ್ದದ್ದು ನಾಲ್ಕು ಜನ. ಎರಡೇ ಸೀಟು ಉಳಿದಿದ್ದರೆ ನಾಲ್ವರಿಗೆ ಹೇಗೆ ಸಿಕ್ಕಿತು ಅಂತ ಇವರು ಕೇಳಿದ್ದು ಪ್ರವಾಸ ಮುಗಿದ ಮೇಲೆ.) ಹಸಿದಾಗ ಸಂತೆಗೆ ಹೋದವರ ಚೀಲದ ಹಾಗೆಯೇ ತೀರಾ ದಣಿದಾಗ ಹಾಕಿದ ರಜೆಯ ಯೋಜನೆ. ಕಂಡದ್ದೆಲ್ಲ ಬೇಕು ಅನಿಸುತ್ತದೆ, ಒಂದನ್ನೂ ಬಿಡಲು ಮನಸ್ಸಾಗುವುದಿಲ್ಲ.

‘7 ಹಗಲು’ ಅನ್ನುವುದರಿಂದಲೇ ಹೇಳುತ್ತೇನೆ. ಮೊದಲ ಹಗಲು ನಾವು ಬೆಟ್ಟದ ಮೇಲಿನ ಹೋಟೆಲ್ ಮುಟ್ಟಿದ್ದು ರಾತ್ರಿ ಒಂಬತ್ತೂವರೆಗೆ. ಏಳನೆಯ ಹಗಲು ಬೆಳಗಿನ ಐದೂವರೆಗೆ ಗಾಡಿ ಬಾಗಿಲಲ್ಲಿ ನಿಂತಿತ್ತು. ಎರಡೂ ಲೆಕ್ಕಕ್ಕೆ ‘ಹಗಲು’. ಉಳಿದದ್ದು ಐದು. ಇದು ಎಲ್ಲರೂ ಮಾಡುವ ಲೆಕ್ಕವಂತೆ, ಇದರಲ್ಲಿ ಮೋಸವೇನೂ ಇಲ್ಲವಂತೆ. ಇರಬಹುದು. ಆದರೆ ನಿಮ್ಮ ಕೈಗೆ ವೇಳಾಪಟ್ಟಿ ಬಂದಾಗ ಮೊದಲ ದಿನ ಎಷ್ಟು ಗಂಟೆಗೆ ತಲುಪುತ್ತೀರಿ, ಕೊನೆಯ ದಿನ ಎಷ್ಟು ಗಂಟೆಗೆ ಹೊರಡುತ್ತೀರಿ, ಇವೆರಡನ್ನೇ ಮೊದಲು ಕೇಳಿ. ಹೇಳಲು ತಡವರಿಸಿದರೆ ಅಲ್ಲಿಗೆ ಫೋನ್ ಇಟ್ಟುಬಿಡಿ.

ಐದು ದಿನ, ದಿನಕ್ಕೆ ಎಚ್ಚರವಿರುವ ಹದಿನಾರು ಗಂಟೆ ಅಂತ ಹಿಡಿದರೆ 80 ಗಂಟೆ. ಮನೆಗೆ ಬಂದ ಮೇಲೆ ಜ್ವರದಲ್ಲಿ ಮಲಗಿಕೊಂಡೇ ಅದರ ಲೆಕ್ಕ ಬರೆದೆ. ಗಾಡಿಯೊಳಗೆ 31 ಗಂಟೆ. ಪೆಟ್ಟಿಗೆ ಕಟ್ಟುವುದು, ಬಿಚ್ಚುವುದು, ಕೋಣೆ ಸಿಗುವ ತನಕ ಕಾಯುವುದು, ಇದಕ್ಕೆ 9. ಟಿಕೆಟ್ಟು, ಪಾರ್ಕಿಂಗು, ಸರದಿ ಸಾಲು ಅಂತ ಎಂಟೂವರೆ. ಊಟ, ತಿಂಡಿ, ಸ್ನಾನ 15. ನಿಜವಾಗಿ ಏನನ್ನಾದರೂ ನೋಡಿದ್ದು 13. ಉಳಿದದ್ದು ಮೂರೂವರೆ ಗಂಟೆ. ಅದರಲ್ಲೂ ಒಂದೂವರೆ ಗಂಟೆ, ಪ್ಯಾಕೇಜಿನಲ್ಲಿ ಸೇರಿದ್ದ ಮಸಾಜಿಗೆ ನನ್ನ ಸರದಿ ಯಾವಾಗ ಬರುತ್ತದೋ ಎಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತದ್ದು. ಎರಡು ಗಂಟೆಯ ವಿಶ್ರಾಂತಿಗೆ ಒಂಬತ್ತು ದಿನದ ರಜೆ!

ಗಾಡಿಯ 31 ಗಂಟೆ ಕಾಗದದಲ್ಲಿ 20ರ ಆಸುಪಾಸಿನಲ್ಲಿತ್ತು. ಅವರು ಹಾಕಿದ್ದು ಮ್ಯಾಪಿನಲ್ಲಿ ಕಾಣುವ ಸಮಯ. ಮ್ಯಾಪಿಗೆ ಮೂತ್ರಕ್ಕೆ ನಿಲ್ಲಿಸುವುದು ಗೊತ್ತಿಲ್ಲ, ತಿರುವಿನ ದಾರಿಯಲ್ಲಿ ವಾಂತಿ ಮಾಡಿಕೊಳ್ಳುವ ಎಂಟು ವರ್ಷದ ಮಗ ಗೊತ್ತಿಲ್ಲ, ಎರಡು ಗಂಟೆಗೊಮ್ಮೆ ಇಳಿದು ಕಾಲು ಆಡಿಸಲೇಬೇಕಾದ ಅತ್ತೆ ಗೊತ್ತಿಲ್ಲ. ಈಗ ನಾನು ಮ್ಯಾಪಿನ ಸಮಯಕ್ಕೆ ಅದರ ಅರ್ಧವನ್ನು ಸೇರಿಸಿಯೇ ಎಣಿಸುತ್ತೇನೆ.

ಕೋಣೆ ಬದಲಿಸುವ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಇಡೀ ಪ್ರವಾಸ ಕೆಟ್ಟದ್ದು ಇದರಿಂದಲೇ. ಆರು ರಾತ್ರಿಗೆ ಐದು ಹೋಟೆಲ್. ಸಾಮಾನ್ಯವಾಗಿ ಹೋಟೆಲುಗಳಲ್ಲಿ ಬೆಳಿಗ್ಗೆ ಹತ್ತು ಹನ್ನೊಂದಕ್ಕೆಲ್ಲ ಕೋಣೆ ಖಾಲಿ ಮಾಡಬೇಕು, ಹೊಸ ಕೋಣೆ ಕೊಡುವುದು ಮಧ್ಯಾಹ್ನ ಎರಡರ ಮೇಲೆ. ನಡುವೆ ನೀವು ಮನೆಯೂ ಇಲ್ಲದ ಮಠವೂ ಇಲ್ಲದ ಜನ. ಪೆಟ್ಟಿಗೆಯೆಲ್ಲ ಗಾಡಿಯಲ್ಲಿ, ಒದ್ದೆ ಬಟ್ಟೆ ಪ್ಲಾಸ್ಟಿಕ್ ಚೀಲದಲ್ಲಿ, ಮಗುವಿನ ಔಷಧಿ ಯಾವ ಪೆಟ್ಟಿಗೆಯ ತಳದಲ್ಲೋ. ನಾಲ್ಕನೇ ಬೆಳಗ್ಗೆ ಅತ್ತೆ ಹಾಸಿಗೆಯ ಅಂಚಿನಲ್ಲಿ ಕೂತು, ‘‘ಏನಮ್ಮಾ, ಇವತ್ತೂ ಪೆಟ್ಟಿಗೆ ಕಟ್ಟಬೇಕಾ?’’ ಅಂದರು. ಗೊಣಗಿದ್ದಲ್ಲ, ಸುಮ್ಮನೆ ಕೇಳಿದ್ದು. ನನಗೆ ಉತ್ತರ ಕೊಡಲಿಕ್ಕಾಗಲಿಲ್ಲ.

ನಿದ್ದೆಯಂತೂ ಹೋಗಿಯೇ ಬಿಟ್ಟಿತ್ತು. ಹೊಸ ಜಾಗದಲ್ಲಿ ಮೊದಲ ರಾತ್ರಿ ನಿದ್ದೆ ಹತ್ತುವುದಿಲ್ಲ ಅನ್ನುತ್ತೇವಲ್ಲ, ಅದು ನಮ್ಮ ಕಲ್ಪನೆಯಲ್ಲ. ಅಮೆರಿಕದ ಬ್ರೌನ್ ವಿಶ್ವವಿದ್ಯಾಲಯದ ಮಸಾಕೊ ತಮಾಕಿ ಮತ್ತು ಜೊತೆಗಾರರು 2016ರಲ್ಲಿ ಇದನ್ನು ಮಿದುಳಿನ ಅಳತೆಗಳಲ್ಲೇ ತೋರಿಸಿದ್ದಾರೆ. ಅಪರಿಚಿತ ಜಾಗದ ಮೊದಲ ರಾತ್ರಿ ಮಿದುಳಿನ ಎಡಭಾಗ ಬಲಭಾಗದಷ್ಟು ಗಾಢವಾಗಿ ಮಲಗುವುದಿಲ್ಲ, ಕಾವಲು ಕೂತ ಹಾಗೆ ಸಣ್ಣ ಸದ್ದಿಗೂ ಪ್ರತಿಕ್ರಿಯಿಸುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮಲಗಿದಾಗ ಈ ವ್ಯತ್ಯಾಸ ಕಡಿಮೆಯಾಗುತ್ತದೆ. ನನ್ನ ಆರು ರಾತ್ರಿಗಳಲ್ಲಿ ಐದು ‘ಮೊದಲ ರಾತ್ರಿ’ಗಳೇ. ಅರ್ಧ ಮಿದುಳನ್ನು ಕಾವಲಿಗೆ ಕೂರಿಸಿಕೊಂಡು ವಿಶ್ರಾಂತಿ ಹುಡುಕುತ್ತಿದ್ದೆ.

ಮೂರನೆಯ ದಿನ ಗಂಟಲು ಕೆರೆತ, ನಾಲ್ಕನೆಯ ದಿನ ಜ್ವರ. ನೀರು ಬದಲಾಯಿತು, ಗಾಳಿ ಬದಲಾಯಿತು ಅಂತ ಎಲ್ಲರೂ ಒಂದೊಂದು ಹೇಳಿದರು. ಇರಬಹುದು. ಆದರೆ ವರ್ಷಪೂರ್ತಿ ಗಟ್ಟಿಯಾಗಿದ್ದವರು ರಜೆ ಸಿಕ್ಕ ಕೂಡಲೇ ಮಲಗಿಬಿಡುವುದನ್ನು ನೆದರ್ಲೆಂಡ್ಸಿನ ಟಿಲ್ಬರ್ಗ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಆಡ್ ವಿಂಗರ್‌ಹೂಟ್ಸ್ ಸುಮಾರು ಇಪ್ಪತ್ತು ವರ್ಷದ ಹಿಂದೆಯೇ ಅಧ್ಯಯನ ಮಾಡಿ ‘ಬಿಡುವಿನ ಕಾಯಿಲೆ’ ಅನ್ನುವ ಅರ್ಥದ ಹೆಸರು ಕೊಟ್ಟಿದ್ದರು. ಅವರು ಕೇಳಿದವರಲ್ಲಿ ಶೇ. 3ರಷ್ಟು ಜನ ತಮಗೆ ಹೀಗಾಗುತ್ತದೆ ಎಂದಿದ್ದರು. ಕೆಲಸದ ಹೊರೆ ಜಾಸ್ತಿ ಇದ್ದವರು, ಕೆಲಸದಿಂದ ಬಿಡುವಿಗೆ ಸಲೀಸಾಗಿ ಹೊರಳಲಾಗದವರು, ಎಲ್ಲದಕ್ಕೂ ತಾವೇ ಹೊಣೆ ಅಂದುಕೊಳ್ಳುವವರು, ಇಂಥವರಲ್ಲಿ ಇದು ಹೆಚ್ಚು. ಓದಿದಾಗ ನನ್ನ ಜಾತಕ ನೋಡಿದ ಹಾಗಿತ್ತು. ರಜೆಯ ಹಿಂದಿನ ವಾರ ಬರಲಿರುವ ಕೆಲಸವನ್ನೂ ಸೇರಿಸಿ ದುಡಿದಿದ್ದೆ, ಹಿಂದಿನ ರಾತ್ರಿ ಎರಡು ಗಂಟೆಗೆ ಕೊನೆಯ ಮೇಲ್ ಕಳಿಸಿದ್ದೆ, ನಾಲ್ಕಕ್ಕೆ ಎದ್ದು ಗಾಡಿ ಹತ್ತಿದ್ದೆ.

ಇನ್ನು ಫೋನು. ‘‘ಅರ್ಜೆಂಟ್ ಇದ್ರೆ ಮಾತ್ರ ಮಾಡಿ’’ ಅಂತ ಆಫೀಸಿನಲ್ಲಿ ಹೇಳಿ ಬಂದಿದ್ದೆ. ದಯವಿಟ್ಟು ಈ ಮಾತು ಹೇಳಬೇಡಿ. ಯಾವುದು ಅರ್ಜೆಂಟ್ ಅಂತ ತೀರ್ಮಾನಿಸುವ ಅಧಿಕಾರವನ್ನು ಇನ್ನೊಬ್ಬರ ಕೈಗೆ ಕೊಟ್ಟ ಹಾಗೆ. ಜಲಪಾತದ ಮುಂದೆ ನಿಂತು ಒಂದು ಪಾಸ್‌ವರ್ಡ್ ಎಲ್ಲಿದೆ ಅಂತ ನಲವತ್ತು ನಿಮಿಷ ಹೇಳಿದ್ದೇನೆ. ಜಲಪಾತದ ಸದ್ದಿಗೆ ‘‘ಏನಂದ್ರಿ? ಏನಂದ್ರಿ?’’ ಅಂತ ಆ ಕಡೆಯಿಂದ. ಮಗ ತೆಗೆದ ಫೋಟೊದಲ್ಲಿ ಜಲಪಾತವೂ ಇದೆ, ಕಿವಿಗೆ ಕೈ ಅಡ್ಡ ಹಿಡಿದು ಕೂಗುತ್ತಿರುವ ನಾನೂ ಇದ್ದೇನೆ.

ನಾಲ್ಕನೆಯ ದಿನ ಜ್ವರ ಏರಿದ ಮೇಲೆ, ಕೋಟೆ ಬಿಡೋಣ, ಇದೇ ಹೋಟೆಲಿನಲ್ಲಿ ಇನ್ನೊಂದು ರಾತ್ರಿ ಇರೋಣ ಎಂದು ಕಂಪನಿಗೆ ಕರೆ ಮಾಡಿದೆ. ‘‘ಇರಬಹುದು ಮೇಡಂ. ಆದರೆ ಇಲ್ಲಿನದ್ದು ನೀವೇ ಕಟ್ಟಬೇಕು, ಅಲ್ಲಿನದ್ದು ವಾಪಸ್ ಬರಲ್ಲ.’’ ಬಳಸದೇ ಬಿಟ್ಟ ಸೇವೆಗೆ ಹಣ ಮರಳಿಸುವುದಿಲ್ಲ ಅಂತ ಷರತ್ತಿನಲ್ಲಿ ಇತ್ತು. ಅದಕ್ಕೂ ಮೊದಲು, ಹೊರಡಲು 24 ದಿನ ಇದ್ದಾಗ, ಅತ್ತೆಯ ಮಂಡಿ ನೋವು ನೋಡಿ ಕೋಟೆಯನ್ನು ತೆಗೆಯಿರಿ ಅಂತ ಕೇಳಿದ್ದೆ. 30 ದಿನದ ಒಳಗೆ ಮಾಡುವ ಯಾವ ಬದಲಾವಣೆಯೂ ರದ್ದತಿಗೆ ಸಮ, ಅರ್ಧ ಹಣ ಹೋಗುತ್ತದೆ ಅಂದರು. ಅದೂ ಷರತ್ತಿನಲ್ಲಿ ಇತ್ತು. ಟಿಕ್ ಹಾಕಿದ್ದು ಇದೇ ಬೆರಳು. ಹೀಗಾಗಿ ಜ್ವರ ಹೊತ್ತುಕೊಂಡೇ ಕೋಟೆಗೆ ಹೋದೆ, ಕೆಳಗೆ ಗಾಡಿಯಲ್ಲಿ ಮಲಗಿದೆ. ಅತ್ತೆಯೂ ಹತ್ತಲಿಲ್ಲ. ಇವರು ಮಗನನ್ನು ಕರೆದುಕೊಂಡು ಹೋಗಿ ಇಪ್ಪತ್ತು ನಿಮಿಷಕ್ಕೆ ಇಳಿದು ಬಂದರು. ದುಡ್ಡು ಕೊಟ್ಟಿದ್ದೇವೆ ಅನ್ನುವ ಒಂದೇ ಕಾರಣಕ್ಕೆ ನಾಲ್ಕು ಜನ ಮೂರು ಗಂಟೆ ದಾರಿ ಸವೆಸಿದ್ದೆವು. ಹೋದರೂ ಹೋಗದಿದ್ದರೂ ಆ ದುಡ್ಡು ಬರುತ್ತಿರಲಿಲ್ಲ. ಲೆಕ್ಕಪತ್ರದವಳಿಗೆ ಇದು ಗೊತ್ತಿರಬೇಕಾದ ಮೊದಲ ಪಾಠ, ಜ್ವರದಲ್ಲಿ ನೆನಪಾಗಲಿಲ್ಲ.

ಕಡಲ ತೀರದ್ದು ಇನ್ನೊಂದು ಕಥೆ. ಜಾಹೀರಾತಿನ ಫೋಟೊದಲ್ಲಿದ್ದ ಹೋಟೆಲಿನ ಹೆಸರಿನ ಕೆಳಗೆ ಇರುವೆಯಷ್ಟು ಅಕ್ಷರದಲ್ಲಿ ‘ಅಥವಾ ಅದಕ್ಕೆ ಸಮನಾದ’ ಅಂತ ಇತ್ತು. ಸಮ ಅಂದರೆ ದರ್ಜೆಯಲ್ಲಿ ಸಮ. ಕಡಲಿಗೆ ಎಷ್ಟು ದೂರ ಅನ್ನುವುದರಲ್ಲಿ ಅಲ್ಲ. ನಮ್ಮ ಕೋಣೆಯ ಕಿಟಕಿ ಹೆದ್ದಾರಿಯ ಕಡೆಗಿತ್ತು, ರಾತ್ರಿಯಿಡೀ ಲಾರಿಗಳ ಮೊರೆತ. ಅಲೆ ಅಂದುಕೊಂಡು ಮಲಗು ಅಂದರು ಇವರು.

ಬಂದ ಮೇಲೆ ಓದಿದ್ದರಲ್ಲಿ ಎರಡು ವಿಷಯ ನನ್ನ ತಲೆಯಲ್ಲಿ ಕೂತಿವೆ. 2010ರಲ್ಲಿ ನೆದರ್ಲೆಂಡ್ಸಿನ ಯೆರೋನ್ ನಾವೈನ್ ಮತ್ತು ಸಂಗಡಿಗರು ಸುಮಾರು ಒಂದೂವರೆ ಸಾವಿರ ಜನರ ನಡುವೆ ನಡೆಸಿದ ಅಧ್ಯಯನ ಪ್ರಕಟವಾಯಿತು. ಪ್ರವಾಸ ಹೋಗುವವರು ಹೊರಡುವ ಮೊದಲು ಉಳಿದವರಿಗಿಂತ ಹೆಚ್ಚು ಖುಷಿಯಲ್ಲಿರುತ್ತಾರೆ, ಆದರೆ ಬಂದ ಮೇಲೆ ಹೋದವರಿಗೂ ಹೋಗದವರಿಗೂ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ‘ತುಂಬಾ ಆರಾಮವಾಗಿತ್ತು’ ಅಂದವರಲ್ಲಿ ಮಾತ್ರ ಆ ಖುಷಿ ಕೆಲವು ವಾರ ಉಳಿಯಿತು. ಬರೀ ‘ಆರಾಮವಾಗಿತ್ತು’ ಅಂದವರಿಗೂ ಅದು ಸಿಗಲಿಲ್ಲ. ಎಷ್ಟು ಜಾಗ ನೋಡಿ ಬಂದೆವು ಅನ್ನುವುದಕ್ಕೆ ಈ ಲೆಕ್ಕದಲ್ಲಿ ಎಷ್ಟು ಬೆಲೆ ಅಂತ ನೀವೇ ನೋಡಿ.

ಇನ್ನೊಂದು, ಸಬೀನೆ ಸೊನ್ನೆನ್‌ಟಾಗ್ ಮತ್ತು ಶಾರ್ಲಟ್ ಫ್ರಿಟ್ಜ್ ಎಂಬ ಮನಶ್ಶಾಸ್ತ್ರಜ್ಞರು 2007ರಲ್ಲಿ ಹೇಳಿದ್ದು. ಕೆಲಸದ ದಣಿವು ಇಳಿಯಲು ನೆರವಾಗುವ ನಾಲ್ಕು ಅನುಭವಗಳನ್ನು ಅವರು ಗುರುತಿಸಿದ್ದಾರೆ: ಮನಸ್ಸಿನಿಂದಲೂ ಕೆಲಸವನ್ನು ಬಿಟ್ಟಿರುವುದು, ವಿಶ್ರಾಂತಿ, ಹೊಸದೇನಾದರೂ ಕಲಿಯುವುದು, ನಮ್ಮ ಸಮಯ ನಮ್ಮ ಕೈಯಲ್ಲಿರುವುದು. ನನ್ನ ಪ್ರವಾಸದಲ್ಲಿ ಮೊದಲನೆಯದನ್ನು ಫೋನು ತಿಂದಿತ್ತು, ಎರಡನೆಯದನ್ನು ಗಾಡಿ. ನಾಲ್ಕನೆಯದನ್ನು ‘ಯೋಚನೆ ನಮಗಿರಲಿ’ ಅಂದವರಿಗೆ ನಾನೇ ಮಾರಿದ್ದೆ. ಕೆಲಸದ ದಿನ ಮೇಲಿನವರು ಎಬ್ಬಿಸುತ್ತಾರೆ, ರಜೆಯಲ್ಲಿ ಡ್ರೈವರ್ ಎಬ್ಬಿಸುತ್ತಿದ್ದ, ಅಷ್ಟೇ ವ್ಯತ್ಯಾಸ. ಪಾಪ, ಅವನ ತಪ್ಪಲ್ಲ. ಅವನಿಗೂ ಮೇಲಿನವರಿದ್ದರು.

ಹಾಗಂತ ಪ್ಯಾಕೇಜ್ ಬೇಡವೇ ಬೇಡ ಅನ್ನುವುದಿಲ್ಲ. ಜಾಗಗಳನ್ನು ನೋಡುವ ಹುಮ್ಮಸ್ಸಿನಲ್ಲಿ ಹೋಗುವವರಿಗೆ ಅದು ಸರಿಯೇ. ನೋಡುವ ಪ್ರವಾಸಕ್ಕೆ ವಿಶ್ರಾಂತಿಯ ಹೆಸರು ಅಂಟಿಸಿ ಮಾರುತ್ತಿದ್ದಾರೆ, ಗೋಳು ಅದು. ಹಣ ಕಟ್ಟುವ ಮುಂಚೆ ವೇಳಾಪಟ್ಟಿಯನ್ನು ದಿನದ ಲೆಕ್ಕದಲ್ಲಿ ಓದದೆ ಗಂಟೆಯ ಲೆಕ್ಕದಲ್ಲಿ ಬರೆದು ನೋಡಿ. ಕೋಣೆ ಎಷ್ಟು ಸಲ ಬದಲಾಗುತ್ತದೆ ಎಂದು ಎಣಿಸಿ. ಒಂದು ಜಾಗ ಕೈಬಿಟ್ಟರೆ ದುಡ್ಡೆಷ್ಟು ಕಡಿಮೆಯಾಗುತ್ತದೆ ಅಂತ ಬರಹದಲ್ಲಿ ಕೇಳಿ. ಬಾಯಿಮಾತಿಗೆ ಆಮೇಲೆ ಬೆಲೆ ಇರುವುದಿಲ್ಲ. ‘ಈಗಲೇ ಕಟ್ಟಿ’ ಅಂದವರಿಗೆ ನಾಳೆ ಹೇಳುತ್ತೇನೆ ಅನ್ನಿ, ಒಂದು ರಾತ್ರಿ ನಿದ್ದೆ ಮಾಡಿ ಎದ್ದು ತೀರ್ಮಾನಿಸಿ. ಹಿಂದಿರುಗಿದ ಮರುದಿನವೇ ಕೆಲಸಕ್ಕೆ ಹೋಗುವ ಹಾಗೆ ರಜೆ ಹಾಕಬೇಡಿ. ನನ್ನ ಒಂಬತ್ತರಲ್ಲಿ ಕೊನೆಯ ಎರಡು ದಿನ ಅದಕ್ಕೆಂದೇ ಇಟ್ಟಿದ್ದೆ, ಇಡೀ ಯೋಜನೆಯಲ್ಲಿ ಸರಿಯಾದದ್ದು ಅದೊಂದೇ. ಅದು ಜ್ವರಕ್ಕೆ ಖರ್ಚಾಯಿತು, ಬೇರೆ ಮಾತು.

ಮೊನ್ನೆ ಅದೇ ಕಂಪನಿಯಿಂದ ಮೆಸೇಜ್ ಬಂತು. ಹಳೆಯ ಗ್ರಾಹಕರಿಗೆ ರಿಯಾಯಿತಿಯಂತೆ, ಈ ಸಲ 7 ರಾತ್ರಿ, 8 ಹಗಲು. ಮೊದಲ ದಿನ ಎಷ್ಟು ಗಂಟೆಗೆ ತಲುಪುತ್ತೇವೆ ಅಂತ ಬರೆದು ಕೇಳಿದೆ. ನಾಲ್ಕು ದಿನವಾಯಿತು, ಎರಡು ನೀಲಿ ಗೀಟು ಬಿದ್ದಿವೆ, ಉತ್ತರ ಇಲ್ಲ.