ನಾಡಕಚೇರಿಯ ಪಿಂಚಣಿ ಸೇವೆ: ಅರ್ಜಿ ಹಾಕುವುದು ಸಲೀಸು, ತಿರಸ್ಕಾರವಾದರೆ ಕಷ್ಟ

ವೃದ್ಧರ ಸಂಧ್ಯಾ ಸುರಕ್ಷಾ, ವಿಧವಾ ವೇತನ, ಅಂಗವಿಕಲ ವೇತನ, ಅವಿವಾಹಿತ-ವಿಚ್ಛೇದಿತ ಮಹಿಳೆಯರ ಮನಸ್ವಿನಿ, ಲಿಂಗತ್ವ ಅಲ್ಪಸಂಖ್ಯಾತರ ಮೈತ್ರಿ, ಯಾವ ಪಿಂಚಣಿಯೇ ಇರಲಿ, ಬೆಂಗಳೂರಿನಲ್ಲೂ ಬಾಗಿಲು ಒಂದೇ: ಕಂದಾಯ ಇಲಾಖೆಯ ಹೋಬಳಿ ಮಟ್ಟದ ಕಚೇರಿ, ಅಂದರೆ ನಿಮ್ಮ ಹೋಬಳಿಯ ನಾಡಕಚೇರಿ. ‘ಸಿಟಿಯಲ್ಲಿ ಎಂಥ ಹೋಬಳಿ?’ ಅಂತ ಕೇಳುವವರೇ ಹೆಚ್ಚು. ಪಾಲಿಕೆಯ ವಾರ್ಡ್ ನಂಬರು ಕಂದಾಯ ಇಲಾಖೆಗೆ ಬೇಕಿಲ್ಲ. ಹುಳಿಮಾವು ಅವರ ಲೆಕ್ಕದಲ್ಲಿ ಬೇಗೂರು ಹೋಬಳಿ, ಮಾರತ್‌ಹಳ್ಳಿ ವರ್ತೂರು ಹೋಬಳಿ, ಸುಬ್ರಹ್ಮಣ್ಯಪುರ ಉತ್ತರಹಳ್ಳಿ ಹೋಬಳಿ. ಮನೆಯ ಕ್ರಯಪತ್ರದಲ್ಲಿ ಹೋಬಳಿ ಹೆಸರು ಇರುತ್ತದೆ. ಬಾಡಿಗೆಯವರು ಓನರನ್ನು ಕೇಳಿಕೊಳ್ಳಿ. ಹೋಬಳಿ ತಪ್ಪಾದರೆ ಅರ್ಜಿ ಯಾರದೋ ಲಾಗಿನ್‌ನಲ್ಲಿ ಕೂತು, ಕೊನೆಗೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ’ ಅನ್ನಿಸಿಕೊಂಡು ವಾಪಸಾಗುತ್ತದೆ.

ಸೇವೆಯ ಮೊದಲರ್ಧಕ್ಕೆ ಧಾರಾಳವಾಗಿ ಒಳ್ಳೆಯ ಅಂಕ ಕೊಡಬಹುದು. ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಜಾಲತಾಣದಲ್ಲಿ ಮೊಬೈಲ್ ಒಟಿಪಿ ಹಾಕಿ ಮನೆಯಿಂದಲೇ ಅರ್ಜಿ ಹಾಕಬಹುದು. ಬಂದ ಪ್ರಮಾಣಪತ್ರದ ಮೇಲೆ ಅದರ ಗುರುತಿನ ಆರ್‌ಡಿ ಸಂಖ್ಯೆ ಇರುತ್ತದೆ, ಪ್ರಮಾಣಪತ್ರ ಐದು ವರ್ಷ ನಡೆಯುತ್ತದೆ. ನಡೆದಾಡಲು ಆಗದವರಿಗೆ 2022ರಲ್ಲಿ ಶುರುವಾದ ‘ಹಲೋ ಕಂದಾಯ ಸಚಿವರೇ’ ಇದೆ: 155245ಕ್ಕೆ ಫೋನ್ ಮಾಡಿದರೆ ಸಿಬ್ಬಂದಿಯೇ ಮನೆಗೆ ಬಂದು ದಾಖಲೆ ಪಡೆಯಬೇಕು, 72 ಗಂಟೆಯಲ್ಲಿ ಮಂಜೂರಾತಿ ಕೊಡಬೇಕು ಅನ್ನುವುದು ಯೋಜನೆ. ದಾಖಲೆಗಳೆಲ್ಲ ಮೊದಲೇ ಕೈಯಲ್ಲಿದ್ದವರಿಗೆ ಮಾತ್ರ ಆ ಗಡುವಿಗೆ ಅರ್ಥವಿದೆ.

ಎಡವಟ್ಟಾಗುವುದು ಅರ್ಹತೆಯಲ್ಲಿ. ಅದರಲ್ಲೂ ಆದಾಯದ ಒಂದೇ ಒಂದು ಅಂಕಿಯಲ್ಲಿ. ಕರ್ನಾಟಕದಲ್ಲಿ ಬಿಪಿಎಲ್ ಕಾರ್ಡಿಗೆ ವಾರ್ಷಿಕ ಆದಾಯದ ಮಿತಿ 1.20 ಲಕ್ಷ ರೂಪಾಯಿ. ಪಿಂಚಣಿಗೆ 32,000. ಅಂದರೆ ತಿಂಗಳಿಗೆ 2,667 ರೂಪಾಯಿ ಕೂಡ ಇಲ್ಲ! ಬೆಂಗಳೂರಿನಲ್ಲಿ ಅದು ಒಂದು ಕೋಣೆಯ ಬಾಡಿಗೆಗೂ ಸಾಲದು, ಆದರೂ ಮಿತಿ ಅಷ್ಟೇ. ರೇಷನ್ ಕಾರ್ಡಿಗೆಂದು 90,000 ಬರೆಸಿ ಮಾಡಿಸಿಕೊಂಡ ಆದಾಯ ಪ್ರಮಾಣಪತ್ರವನ್ನೇ ಪಿಂಚಣಿ ಅರ್ಜಿಗೆ ಲಗತ್ತಿಸಿದರೆ ಬೇರೇನೂ ನೋಡದೆ ತಿರಸ್ಕಾರ. ‘ಬಿಪಿಎಲ್ ಕಾರ್ಡ್ ಇದೆಯಲ್ಲ ಸ್ವಾಮಿ’ ಅನ್ನುವ ವಾದ ಅಲ್ಲಿ ನಡೆಯುವುದಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಸಂಧ್ಯಾ ಸುರಕ್ಷಾ ಕೇಳುವುದು ಗಂಡ-ಹೆಂಡತಿ ಇಬ್ಬರ ಒಟ್ಟು ಆದಾಯವನ್ನು. ಆದರೆ ಆದಾಯ ಪ್ರಮಾಣಪತ್ರ ಬರುವುದು ಕುಟುಂಬದ ಆದಾಯದ ಮೇಲೆ. ಅಪ್ಪ-ಅಮ್ಮ ಮಗನ ರೇಷನ್ ಕಾರ್ಡಿನಲ್ಲೇ ಇದ್ದು, ಮಗ ಗಾರ್ಮೆಂಟ್ಸ್‌ನಲ್ಲೋ ಕ್ಯಾಬ್ ಓಡಿಸಿಯೋ ದುಡಿಯುತ್ತಿದ್ದರೆ, ಸ್ಥಳ ಪರಿಶೀಲನೆಗೆ ಬಂದವರು ಅವನ ಸಂಪಾದನೆಯನ್ನೂ ಸೇರಿಸಿ ಬರೆಯುತ್ತಾರೆ. ಮಗ ಜೊತೆಯಲ್ಲಿರುವುದನ್ನು ಮುಚ್ಚಿಡಬೇಡಿ, ಮಹಜರಿನಲ್ಲಿ ಗೊತ್ತಾಗಿಯೇ ಆಗುತ್ತದೆ. ಪ್ರಮಾಣಪತ್ರ ಯಾವ ಪಿಂಚಣಿಗೆ ಬೇಕು, ಅದರಲ್ಲಿ ದಂಪತಿಯ ಸ್ವಂತ ಆದಾಯ ಎಷ್ಟು ಅನ್ನುವುದನ್ನು ಅರ್ಜಿಯ ಜೊತೆ ಬಿಳಿ ಹಾಳೆಯಲ್ಲಿ ಬರೆದು ಕೊಟ್ಟು, ಆ ಹಾಳೆಯ ನಕಲಿಗೆ ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಮೇಲ್ಮನವಿಯಲ್ಲಿ ಕೆಲಸಕ್ಕೆ ಬರುವುದು ಇದೇ ಹಾಳೆ.

ಉಳಿದ ಅರ್ಹತೆಗಳು ಇಷ್ಟು ಗೋಜಲಿಲ್ಲ. ಸಂಧ್ಯಾ ಸುರಕ್ಷಾಗೆ 65 ತುಂಬಿರಬೇಕು, ತಿಂಗಳಿಗೆ 1,200 ರೂಪಾಯಿ. 2007ರ ಮೂಲ ಯೋಜನೆಯಲ್ಲೇ ದಂಪತಿಯ ಠೇವಣಿ 10,000 ಮೀರಬಾರದು ಅನ್ನುವ ಷರತ್ತಿದೆ. ಅಂಗವಿಕಲ ವೇತನ ಶೇ 40ರಿಂದ ಶುರು: 800 ರೂಪಾಯಿ, ಶೇ 75 ದಾಟಿದರೆ 1,400. ಇದಕ್ಕೆ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಬೇಕು. ಕಾರ್ಡ್ ತಾತ್ಕಾಲಿಕವಾದರೆ ಅವಧಿ ಮುಗಿಯುವ ಮುಂಚೆಯೇ ಮರುತಪಾಸಣೆಗೆ ಹೋಗಿ. ಗೃಹಲಕ್ಷ್ಮಿಯ 2,000 ಬರುತ್ತಿದೆ ಅಂತ ಯಾರೂ ಪಿಂಚಣಿ ಬಿಡಬೇಕಿಲ್ಲ, ಎರಡೂ ಪಡೆಯಬಹುದು.

ಇನ್ನು ಈ ಸೇವೆಯ ಅತಿ ಕಳಪೆ ಭಾಗ, ಹಿಂಬರಹ, ಅಂದರೆ ತಿರಸ್ಕಾರ ತಿಳಿಸುವ ಲಿಖಿತ ಉತ್ತರ. ‘ಪರಿಶೀಲಿಸಲಾಗಿ ಅರ್ಹತೆ ಇಲ್ಲದಿರುವುದರಿಂದ ತಿರಸ್ಕರಿಸಿದೆ.’ ಇಷ್ಟೇ. ಯಾವ ಅರ್ಹತೆ, ಯಾವ ದಾಖಲೆ, ಯಾರ ವರದಿ ಅನ್ನುವುದು ಒಂದೂ ಇರುವುದಿಲ್ಲ. ಇದನ್ನು ನೋಡಿ ಜನ ಮತ್ತೆ ಹೊಸ ಅರ್ಜಿ ಹಾಕುತ್ತಾರೆ. ಅದೇ ದಾಖಲೆ, ಅದೇ ಅಧಿಕಾರಿ, ಅದೇ ಉತ್ತರ. ದಾಖಲೆ ನಿಜಕ್ಕೂ ತಪ್ಪಿದ್ದರೆ ಮಾತ್ರ ಹೊಸ ಅರ್ಜಿ ಹಾಕಿ. ದಾಖಲೆ ಸರಿಯಿದ್ದು ಓದಿದವರು ತಪ್ಪಿದ್ದರೆ ಮೇಲ್ಮನವಿ ಹಾಕಬೇಕು.

ಅದಕ್ಕೆ ದಾರಿ ಸಕಾಲ, ಅಂದರೆ ಸರ್ಕಾರಿ ಸೇವೆ ಗಡುವಿನೊಳಗೆ ಸಿಗಬೇಕು ಅನ್ನುವ ರಾಜ್ಯದ ಕಾಯ್ದೆ. ಅರ್ಜಿ ಕೊಟ್ಟಾಗ ಸಿಗುವ ಸ್ವೀಕೃತಿಯಲ್ಲಿ ಜಿಎಸ್‌ಸಿ ಸಂಖ್ಯೆ (ಸಕಾಲದಲ್ಲಿ ನಿಮ್ಮ ಅರ್ಜಿಯ ಗುರುತು) ಮತ್ತು ವಿಲೇವಾರಿಯ ಕೊನೆಯ ದಿನಾಂಕ ಇರುತ್ತದೆ. ಆ ಚೀಟಿ ಕೊಡದೆ ‘ಆಮೇಲೆ ಬನ್ನಿ’ ಅಂದರೆ ಕೌಂಟರ್ ಬಿಟ್ಟು ಕದಲಬೇಡಿ. ತಿರಸ್ಕಾರವಾದ ದಿನದಿಂದ, ಅಥವಾ ಉತ್ತರವಿಲ್ಲದೆ ಗಡುವು ಮೀರಿದ ದಿನದಿಂದ, 30 ದಿನದೊಳಗೆ ಸಕ್ಷಮ ಅಧಿಕಾರಿಗೆ ಮೊದಲ ಮೇಲ್ಮನವಿ. ಅಲ್ಲೂ ಆಗದಿದ್ದರೆ ಮೇಲ್ಮನವಿ ಪ್ರಾಧಿಕಾರಕ್ಕೆ ಎರಡನೆಯದು. ಜಿಎಸ್‌ಸಿ ಸಂಖ್ಯೆ ಹಿಡಿದು 080-44554455ಕ್ಕೆ ಫೋನ್ ಮಾಡಿಯೂ ಮುಂದುವರಿಯಬಹುದು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಉಂಟು. ಆದರೆ ಗಡುವಿನ ಕೊನೇ ದಿನ ತಿರಸ್ಕರಿಸಿದರೂ ಅದು ‘ಸಕಾಲದಲ್ಲಿ ವಿಲೇವಾರಿ’ಯ ಲೆಕ್ಕಕ್ಕೇ ಸೇರುತ್ತದೆ. ಹಾಗಾಗಿ ಆ 500ರ ಆಸೆ ಬೇಡ.

ಮೇಲ್ಮನವಿಯಲ್ಲಿ ಕಷ್ಟ-ಕಾರ್ಪಣ್ಯ ತೋಡಿಕೊಳ್ಳುವುದಕ್ಕಿಂತ ನಿಯಮ ಮತ್ತು ದಾಖಲೆಯನ್ನು ಎದುರು-ಬದುರು ಇಡಿ: ‘ಆರ್‌ಡಿ ಸಂಖ್ಯೆ ಇಂಥದ್ದು, ದಂಪತಿಯ ಆದಾಯ 24,000, ಮಿತಿ 32,000, ಆದ್ದರಿಂದ ಆದಾಯದ ಕಾರಣಕ್ಕೆ ಆದ ತಿರಸ್ಕಾರ ಸರಿಯಲ್ಲ.’ ಕಾರಣವೇ ಗೊತ್ತಿಲ್ಲದಿದ್ದರೆ ಜೊತೆಜೊತೆಗೇ ಮಾಹಿತಿ ಹಕ್ಕಿನಡಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು, ಸ್ಥಳ ಪರಿಶೀಲನಾ ವರದಿಯ ಪ್ರತಿ ಕೇಳಿ. ಕರ್ನಾಟಕದ ನಿಯಮದಲ್ಲಿ ಆ ಅರ್ಜಿ 150 ಪದದೊಳಗೆ, ಒಂದೇ ವಿಷಯಕ್ಕೆ ಇರಬೇಕು. ಉತ್ತರಕ್ಕೆ 30 ದಿನ ಇರುವುದರಿಂದ ಅದಕ್ಕೆ ಕಾಯುತ್ತಾ ಮೇಲ್ಮನವಿಯ ಗಡುವು ಕಳೆದುಕೊಳ್ಳಬೇಡಿ.

ಮಂಜೂರಾಗಿಯೂ ದುಡ್ಡು ಬರದಿದ್ದರೆ ನಾಡಕಚೇರಿಯಲ್ಲಿ ಜಗಳವಾಡಿ ಪ್ರಯೋಜನವಿಲ್ಲ. ಹಣ ಹೋಗುವುದು ಆಧಾರ್ ಕೊನೆಯದಾಗಿ ಜೋಡಣೆಯಾದ ಬ್ಯಾಂಕಿಗೆ, ಅರ್ಜಿಯಲ್ಲಿ ಬರೆದ ಪಾಸ್‌ಬುಕ್ಕಿಗೆ ಅಲ್ಲ. ಯಾರೋ ಒತ್ತಾಯಿಸಿದರೆಂದು ತೆರೆದು ಮರೆತುಬಿಟ್ಟ ಖಾತೆಯಲ್ಲಿ ತಿಂಗಳುಗಟ್ಟಲೆ ಪಿಂಚಣಿ ಜಮೆಯಾಗಿ ಕೂತಿರುವುದು ಅಪರೂಪವೇನಲ್ಲ. ಆಧಾರ್ ಜಾಲತಾಣದ ಬ್ಯಾಂಕ್ ಸೀಡಿಂಗ್ (ಜೋಡಣೆ) ಪುಟದಲ್ಲಿ ಬ್ಯಾಂಕಿನ ಹೆಸರು ನೋಡಿ, ಸರ್ಕಾರದ ನೇರ ಹಣ ಜಮೆ ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಜಮೆಯಾದ ದಿನಾಂಕ ನೋಡಿ. ಸೀಡಿಂಗ್ ‘ನಿಷ್ಕ್ರಿಯ’ ಅಂತಿದ್ದರೆ ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರಿ ಹಣ ಬರಲು ಆಧಾರ್‌ಗೆ ಬ್ಯಾಂಕನ್ನು ಗುರುತಿಸುವ ಜೋಡಣೆ) ಮಾಡಿಕೊಡಿ ಅಂತ ಲಿಖಿತವಾಗಿ ಕೇಳಿ. ಬರೀ ‘ಆಧಾರ್ ಲಿಂಕ್’ ಅಂದರೆ ಕೆವೈಸಿ ಮಾಡಿ ಕಳಿಸಿಬಿಡುತ್ತಾರೆ. ಎರಡೂ ಸರಿಯಿದ್ದೂ ನಿಂತಿದ್ದರೆ, ಮಂಜೂರಾತಿ ಆದೇಶದ ನಕಲಿನೊಂದಿಗೆ ತಹಶೀಲ್ದಾರರಿಗೆ ಪತ್ರ ಕೊಟ್ಟು, ರಾಜ್ಯದ ಸಾರ್ವಜನಿಕ ದೂರು ಸಹಾಯವಾಣಿ 1902ರಲ್ಲಿ ದೂರು ದಾಖಲಿಸಿ, ನಿಂತ ತಿಂಗಳುಗಳ ಬಾಕಿಯನ್ನೂ ಅದರಲ್ಲೇ ಹೆಸರಿಸಿ ಕೇಳಿ.